ಮೂಗು ಮುಕ್ಕಾಗದ ತಲೆ

ಅಪ್ಪಾ,

ಚೌಕದಲ್ಲಿ ನೀನು ಕೆತ್ತಿ ನಿಲ್ಲಿಸಿದ್ದೆಯಲ್ಲ, ಆ ನಾಯಕನ ಕಲ್ಲಿನ ಪ್ರತಿಮೆಯ ತಲೆ ಇವತ್ತು ನಮ್ಮ ಮ್ಯೂಸಿಯಂನ ರಿಪೇರಿ ಕೋಣೆಗೆ ಬಂತು. ಕೆರೆಯ ಹೂಳೆತ್ತುವಾಗ ಸಿಕ್ಕಿತಂತೆ. ಮೂಗು ಒಂದಿಷ್ಟೂ ಮುಕ್ಕಾಗಿಲ್ಲ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

"ಸಿಟ್ಟಿಗೆ ಒಡೆಯೋರು ಮೊದಲು ಮೂಗಿಗೇ ಹೊಡೀತಾರೆ, ಸಾವಿರಾರು ವರ್ಷದಿಂದ ಹಾಗೇ," ಎಂದರು ನಮ್ಮ ಮೇಲಧಿಕಾರಿ. "ಇದನ್ನ ಯಾರೋ ಕೆಲಸ ಗೊತ್ತಿರೋರೇ ಮೈಯಿಂದ ಬಿಡಿಸಿದ್ದಾರೆ, ನೋಡಿ."

ನೋಡಿದೆ. ಕತ್ತಿನ ಸುತ್ತ ಸಾಲಾಗಿ ಉಳಿಯ ಗೆರೆಗಳು. ಎಲ್ಲವೂ ಎಡಚನ ಏಟು ವಾಲುವ ಕಡೆಗೇ ವಾಲಿವೆ. ಊರಲ್ಲಿ ನಿನ್ನ ಬಿಟ್ಟು ಎಡಚ ಶಿಲ್ಪಿಗಳು ಎಷ್ಟು ಜನ ಇದ್ದರಪ್ಪ?

ಆ ನಾಯಕನ ಅಧಿಕಾರ ಹೋದ ವಾರವೇ ಸರ್ಕಾರಿ ಕಚೇರಿಯವರು ಮನೆಗೆ ಬಂದು, "ಮೈ ಹಾಗೇ ಇರ್ಲಿ, ಮುಖ ಮಾತ್ರ ಹೊಸ ಸಾಹೇಬ್ರದ್ದು ಮಾಡಿಕೊಡಿ" ಎಂದಿದ್ದರು. ನೀನು "ಆಗಲಿ" ಎಂದು ಟೀ ಕುಡಿಸಿ ಕಳಿಸಿದ್ದೆ. ಮೂರನೇ ದಿನ ಬೆಳಗ್ಗೆ ತಲೆಯೇ ಇರಲಿಲ್ಲ. ನಾಯಕನಿಗೆ ಧಿಕ್ಕಾರ ಕೂಗುತ್ತಿದ್ದ ಗುಂಪಿನ ಕೆಲಸವೆಂದು ಊರೆಲ್ಲ ಹೇಳಿತು. ಆ ಗುಂಪಿನಲ್ಲಿ ತಮ್ಮನೂ ಇದ್ದ.

"ಅಪ್ಪ ಕೆತ್ತಿದ್ದನ್ನ ಒಡೆಯೋಕೆ ಮನಸ್ಸಾದ್ರೂ ಹೇಗೆ ಬಂತೋ ನಿಂಗೆ?" ಎಂದು ಊಟದ ಹೊತ್ತಿನಲ್ಲಿ ಕೇಳಿದವಳು ನಾನೇ.

"ನಾನಲ್ಲ ಅಕ್ಕ."

ನಾನು ನಂಬಲಿಲ್ಲ. ಅರ್ಧ ಊಟಕ್ಕೆ ಎದ್ದು ಹೋದವನು ನಿನ್ನ ಮಣ್ಣಿಗೂ ಬರಲಿಲ್ಲ. ಆವತ್ತು ನೀನು ತಟ್ಟೆಯಿಂದ ತಲೆ ಎತ್ತಲಿಲ್ಲ. ಪಾಪ, ನೊಂದಿದ್ದೀಯ ಅಂದುಕೊಂಡು ನಾನು ಇನ್ನೊಂದು ಸೌಟು ಬಡಿಸಿದೆ.

ವರದಿಯಲ್ಲಿ 'ಒಡೆದವರು ಯಾರು' ಎಂಬ ಕಾಲಂ ಇದೆ. 'ಗೊತ್ತಿಲ್ಲ' ಎಂದು ಬರೆದೆ.

ತಮ್ಮನ ಫೋನ್ ನಂಬರು ನನ್ನ ಹತ್ತಿರ ಇಲ್ಲ. ನಿನ್ನ ಹತ್ತಿರ ಇತ್ತೇನಪ್ಪ?