ಬೆನ್ನು ತಿರುಗಿಸಿ ತೆಗೆಸಿದ ಫೋಟೋಗಳು

ಮಾರ್ಚ್ 6, ಗುರುವಾರ. ಬೆಳಿಗ್ಗೆ 7

ಬ್ಯಾಟರಿ ನಾಲ್ಕೂ ಚಾರ್ಜ್‌ಗೆ. ಮೆಮೊರಿ ಕಾರ್ಡ್ ಖಾಲಿ ಮಾಡಿದೆ. ಅರಕಲಗೂಡಿನ ಮದುವೆಯದು ಸಾವಿರದ ಆರುನೂರು ಫೋಟೋ. ಅದರಲ್ಲಿ ಮುನ್ನೂರು ಮದುಮಗಳ ಸೋದರಮಾವನದೇ. ಕ್ಯಾಮೆರಾ ಎತ್ತಿದ ಕಡೆಯೆಲ್ಲ ಬಂದು ಹಲ್ಲು ಬಿಡುತ್ತಿದ್ದರು. ಅಳಿಸುವ ಹಾಗೂ ಇಲ್ಲ, ಆರ್ಡರ್ ಕೊಟ್ಟವರೇ ಅವರು.

ಕತ್ತು ಉರಿ. ಕ್ಯಾಮೆರಾ ಬೆಲ್ಟ್ ಇಡೀ ದಿನ ಉಜ್ಜಿದೆ. ಆ ಬಿಳಿ ಮಚ್ಚೆ ಕೂತಿರುವುದೂ ಅಲ್ಲೇ — ಹಿಂಗತ್ತಿನಲ್ಲಿ, ಕೂದಲಿನ ಕೆಳಗೆ, ನನಗೇ ಕಾಣದ ಜಾಗದಲ್ಲಿ. ಆರು ತಿಂಗಳ ಹಿಂದೆ ಎಂಟಾಣೆಯಷ್ಟಿತ್ತಂತೆ. ಈಗ ಅಂಗೈ ಅಗಲ ಅನ್ನುತ್ತಾಳೆ ಅಮ್ಮ. ಅಮ್ಮನ ಅಳತೆ ನಂಬುವಂತಿಲ್ಲ. ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಅಂದರೆ ಹಿತ್ತಲಿಗೆ ಓಡುತ್ತಾಳೆ.

ಅಪ್ಪ ಮಾತ್ರ ಆ ಕಡೆ ನೋಡುವುದೇ ಇಲ್ಲ. ಜಡೆ ಹಾಕಿ ಸ್ಟುಡಿಯೋಗೆ ಬಂದರೆ ಸಾಕು, "ಕೂದ್ಲು ಬಿಟ್ಕೊ ಕಣವ್ವ, ಅದೇ ಚೆಂದ." ಮೂವತ್ತೆರಡು ವರ್ಷದಿಂದ ಹೊಳೆನರಸೀಪುರದ ಅರ್ಧ ಊರಿನ ಮೊಡವೆ, ಕಲೆ, ಸಿಡುಬಿನ ಗುರುತು ಫೋಟೋದಲ್ಲಿ ಅಳಿಸಿದವರು. ಮಗಳ ಕತ್ತು ಎದುರಿಗೆ ಬಂದರೆ ಕನ್ನಡಕ ಒರೆಸಲು ಶುರು ಮಾಡುತ್ತಾರೆ. ನನಗೆ ಮಚ್ಚೆಗಿಂತ ಅದೇ ಬೇಜಾರು.

ಮಾರ್ಚ್ 8, ಶನಿವಾರ

ಹಾಸನಕ್ಕೆ ಹೋಗಿ ಬಂದೆ. ಚರ್ಮದ ಡಾಕ್ಟರ್ ದೀಪಶ್ರೀ. ತುಂಬು ಗರ್ಭಿಣಿ, ಕುರ್ಚಿಯಲ್ಲಿ ಒಂದು ಕಡೆ ವಾಲಿ ಕೂತಿದ್ದರು. ಲೈಟ್ ಹಿಡಿದು ನೋಡಿ, "ವಿಟಿಲಿಗೋ. ತೊನ್ನು ಅಂತೀರಲ್ಲ, ಅದೇ. ಅಂಟೋ ಕಾಯಿಲೆ ಅಲ್ಲ" ಅಂದರು.

"ಪಕ್ಕದ ಫ್ಯಾನ್ಸಿ ಸ್ಟೋರ್ ಗುಂಡಯ್ಯನವರು ಮೀನು ತಿಂದು ಹಾಲು ಕುಡಿದರೆ ಬರುತ್ತೆ ಅಂದರು ಮೇಡಂ."

"ತಿಂದಿದ್ರಾ?"

"ನಾವು ಲಿಂಗಾಯತರು. ಮನೆಯಲ್ಲಿ ಮೀನಿನ ಫೋಟೋನೂ ಇಲ್ಲ."

ನಕ್ಕರು. ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು. ಚರ್ಮದಲ್ಲಿ ಬಣ್ಣ ಮಾಡುವ ಜೀವಕೋಶ ಇರುತ್ತೆ. ಉಜ್ಜಿ ಗಾಯವಾದರೆ ಚರ್ಮ ಸುದ್ದಿ ಕಳಿಸುತ್ತೆ. ರಕ್ತದಿಂದ ಕಾವಲಿನವು ಬರುತ್ತವೆ, ಟಿ ಸೆಲ್ ಅಂತ. ನನ್ನಂಥವರಲ್ಲಿ ಅವು ಬಣ್ಣದ ಕೋಶವನ್ನೇ ಶತ್ರು ಅಂದುಕೊಂಡು ಹೊಡೆಯುತ್ತವೆ. ಹೊಡೆಯುತ್ತಾ ಇಂಟರ್‌ಫೆರಾನ್ ಅನ್ನುವುದನ್ನು ಬಿಡುತ್ತವೆ. ಅದು ತಾಕಿದ ಸುತ್ತಲಿನ ಚರ್ಮ ಮತ್ತೆ ಸುದ್ದಿ ಕಳಿಸುತ್ತೆ — ಇನ್ನೂ ಬನ್ನಿ. ಇನ್ನೂ ಬರುತ್ತವೆ.

"ನಮ್ಮ ಬೀದಿ ವಾಟ್ಸಾಪ್ ಗ್ರೂಪ್ ಹಾಗೇ ಮೇಡಂ. ಕಳ್ಳ ಬಂದ ಅಂತ ಒಬ್ಬರು ಹಾಕಿದರು, ಎಲ್ಲರೂ ಫಾರ್ವರ್ಡ್ ಮಾಡಿದರು. ಕೊನೆಗೆ ಹಿಡಿದು ಕೂರಿಸಿದ್ದು ಕರೆಂಟ್ ಮೀಟರ್ ಓದೋಕೆ ಬಂದವರನ್ನ."

"ಅದೇ! ಈ ಕ್ರೀಮ್ ಆ ಫಾರ್ವರ್ಡ್ ನಿಲ್ಲಿಸುತ್ತೆ. ಜ್ಯಾಕ್ ಅಂತ ಒಂದಿದೆ, ಸ್ವಿಚ್ಚು ಅಂದ್ಕೊಳ್ಳಿ. ಸುದ್ದಿ ಅದನ್ನ ಒತ್ತಿಯೇ ಜೀವಕೋಶದ ಒಳಗೆ ಹೋಗಬೇಕು. ಒತ್ತೋಕೆ ಬಿಡಲ್ಲ ನಾವು."

ದಿನಕ್ಕೆರಡು ಸಲ ಕ್ರೀಮ್. ಬೆಳಿಗ್ಗೆ ಹತ್ತು ನಿಮಿಷ ಎಳೆ ಬಿಸಿಲು. ಕತ್ತಿಗೆ ಬೆಲ್ಟ್ ಬೇಡ, ಉಜ್ಜುವುದು ಬೇಡವೇ ಬೇಡ. ಕೂದಲ ಬುಡದಲ್ಲಿ ಬಣ್ಣದ ಬೀಜದ ಹಾಗೆ ಒಂದಿಷ್ಟು ಕೋಶ ಉಳಿದಿರುತ್ತಂತೆ. ಬಣ್ಣ ವಾಪಸ್ ಬಂದರೆ ಅಲ್ಲಿಂದಲೇ — ಸಣ್ಣ ಕಂದು ಚುಕ್ಕೆಗಳಾಗಿ. ನಾಲ್ಕು ತಿಂಗಳಿಗೆ ಒಂದು ಚುಕ್ಕೆಯೂ ಬಾರದಿದ್ದರೆ ಈ ಕ್ರೀಮ್ ನಿಲ್ಲಿಸುವುದು.

ಮುಂದಿನ ವಾರದಿಂದ ಅವರಿಗೆ ಹೆರಿಗೆ ರಜೆ. ತಿಂಗಳ ಎಂಟನೇ ತಾರೀಕು ಫೋಟೋ ಕಳಿಸಬೇಕು. ಒಂದೇ ಜಾಗ, ಒಂದೇ ಬೆಳಕು. "ಫೋಟೋ ವಿಷಯ ನಿಮಗೆ ನಾನೇನು ಹೇಳಿಕೊಡೋದು?"

ಅದೇ ದಿನ, ಸಂಜೆ

ತೆಗೆಯುವವರು ಯಾರು? ಫೋನ್ ಹಿಂದೆ ಹಿಡಿದರೆ ಬರೀ ಕೂದಲು ಬರುತ್ತೆ. ಅಪ್ಪನೇ ತೆಗೆಯಬೇಕು, ಸಣ್ಣದನ್ನೂ ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಲೆನ್ಸ್‌ನಲ್ಲಿ. ಅವರು ಸುಮ್ಮನೆ ತೆಗೆದು ಕೊಡುವವರಲ್ಲ. ಆಧಾರ್ ಫೋಟೋಗೂ ಕೆನ್ನೆ ನುಣುಪು ಮಾಡುವವರು. ಕ್ಯಾಮೆರಾ ಮುಟ್ಟಿಸಿ ಆಣೆ ಮಾಡಿಸಿದೆ.

"ಬಿಳೀದು ಒಂಚೂರೂ ಮುಟ್ಟಾಕಿಲ್ಲ ಕಣವ್ವ. ಇದ್ದಂಗೇ ಕೊಡ್ತೀನಿ."

ಸ್ಟೂಲ್ ಮೇಲೆ ಬೆನ್ನು ತಿರುಗಿಸಿ ಕೂತೆ. ಕ್ಲಿಕ್. ಮೊದಲ ಸಲ ನನ್ನ ಕತ್ತು ಚೆನ್ನಾಗಿ ನೋಡಿದೆ. ಅಂಗೈ ಅಗಲ ಏನಿಲ್ಲ. ಅಕ್ಕಿರೊಟ್ಟಿಯ ತುಂಡಿನಷ್ಟು.

ಏಪ್ರಿಲ್ 8, ಮಂಗಳವಾರ

ಎರಡನೇ ಫೋಟೋ. ಮಚ್ಚೆ ದೊಡ್ಡದಾಗಿಲ್ಲ! ಒಳಗೆ ಮಾತ್ರ ಬರೀ ಬಿಳಿ, ನುಣ್ಣಗೆ. ಡಾಕ್ಟರ್ ಉತ್ತರ: "ಹರಡೋದು ನಿಂತಿದೆ, ಒಳ್ಳೇದು. ಚುಕ್ಕೆಗೆ ಕಾಯೋಣ. ನನಗೆ ಹೆಣ್ಣುಮಗು." ಕೆಳಗೆ ಮುಷ್ಟಿ ಬಿಗಿದ ಪುಟ್ಟ ಕೈಯ ಫೋಟೋ. ಫೋಕಸ್ ಸರಿಯಿಲ್ಲ. ಹೇಳಲಿಲ್ಲ.

ಮೇ 8, ಗುರುವಾರ

ಚನ್ನರಾಯಪಟ್ಟಣದಲ್ಲಿ ಎರಡು ದಿನ ಮದುವೆ. ಕ್ಯಾಮೆರಾ ಈಗ ಸೊಂಟದ ಪಟ್ಟಿಯಲ್ಲಿ. ಒಬ್ಬಜ್ಜಿ, "ಪೊಲೀಸಾ ನೀನು?" ಅಂತ ಕೇಳಿತು. ಹೌದು ಅಂದೆ. ಊಟದ ಸಾಲಿನಲ್ಲಿ ಮೊದಲು ಕೂರಿಸಿದರು.

ಫೋಟೋ ಮೂರು. ಬಿಳಿ.

ಮೇ 27

ಬೆಳಿಗ್ಗೆ ಕ್ರೀಮ್ ಹಚ್ಚುತ್ತಾ ಅಮ್ಮ, "ಕತ್ತಲ್ಲಿ ಏನೋ ಕೊಳೆ ಕುಂತಂಗೈತೆ ಕಣೆ. ವಸಿ ತಿಕ್ಕಿ ಮೀಯಬಾರ್ದಾ?"

"ತಿಕ್ಕಬಾರದು ಅಂತ ಡಾಕ್ಟರ್ ಹೇಳಿದ್ದಾರಮ್ಮ."

"ಮೀಯಬ್ಯಾಡ ಅಂದವ್ರಾ?"

ಅರ್ಧ ಗಂಟೆ ಜಗಳ. ಕೊನೆಗೆ, ಮೊದಲು ನಿನ್ನ ಕಣ್ಣಿನ ಪೊರೆ ತೆಗೆಸು ಅಂದೆ. ತಿಂಡಿ ಬಡಿಸಲಿಲ್ಲ. ನಾನೇ ಹಾಕಿಕೊಂಡು ತಿಂದೆ.

ಜೂನ್ 8, ಭಾನುವಾರ

ಬಿಳಿ. ಬರೆಯುವುದಕ್ಕೇನಿಲ್ಲ.

ಜುಲೈ 8, ಮಂಗಳವಾರ

ಐದನೆಯದು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಸುಣ್ಣ ಬಳಿದ ಗೋಡೆಗಾದರೂ ಒಂದು ಕಲೆ ಇರುತ್ತೆ. ಇಲ್ಲಿ ಅದೂ ಇಲ್ಲ.

ಡಾಕ್ಟರ್: "ನಾಲ್ಕು ತಿಂಗಳಾಯ್ತು. ಒಂದೂ ಚುಕ್ಕೆ ಇಲ್ಲ. ಈ ಟ್ಯೂಬ್ ಮುಗಿದ ಮೇಲೆ ನಿಲ್ಲಿಸೋಣ. ಬೇರೆ ದಾರಿ ಇವೆ, ಬೇಜಾರಾಗಬೇಡಿ."

ಬೇಜಾರಾಯಿತು. ಅತ್ತೂಬಿಟ್ಟೆ. ಡಾರ್ಕ್‌ರೂಮ್‌ನಲ್ಲಿ — ಈಗ ಅದು ಹಳೇ ಆಲ್ಬಮ್ ಇಡುವ ಕೋಣೆ — ಬಾಗಿಲು ಹಾಕಿಕೊಂಡು. ಅಪ್ಪ ಹೊರಗಿನಿಂದ, "ಟೀ ತರ್ಸ್ಲಾ?" ಅಂದರು. ಅವರಿಗೆ ಗೊತ್ತಿರುವ ಔಷಧಿ ಅದೊಂದೇ.

ಜುಲೈ 9, ಬುಧವಾರ. ಮಧ್ಯಾಹ್ನ

ಅವಸರಕ್ಕೆ ಅಕ್ಷರ ಓಡುತ್ತಿದೆ. ಆದರೂ ಬರೆಯಬೇಕು.

ಹಾರ್ಡ್ ಡಿಸ್ಕ್ ತುಂಬಿತ್ತು. ಹಳೆಯದು ಅಳಿಸೋಣ ಅಂತ ಕೂತೆ. "ಮಾನಸಾ ಕತ್ತು" ಅಂತ ಅಪ್ಪನ ಫೋಲ್ಡರ್. ಅದರಲ್ಲಿ ನನಗೆ ಕೊಟ್ಟ ಫೋಟೋ ಅಲ್ಲದೆ ಕ್ಯಾಮೆರಾದಿಂದ ಇಳಿಸಿದ ಮೂಲ ಫೈಲ್‌ಗಳೂ ಇದ್ದವು. ತೆರೆದೆ.

ಏಪ್ರಿಲ್ — ಬಿಳಿ. ಮೇ — ಬಿಳಿಯ ನಡುವೆ ಐದು ಕಂದು ಚುಕ್ಕೆ. ಜೂನ್ — ಹನ್ನೊಂದು. ಜುಲೈ — ಎಣಿಸಲಾಗಲಿಲ್ಲ, ಕಣ್ಣು ಮಂಜಾಯಿತು.

"ಅಪ್ಪಾ! ಇದೇನು ಇದು?"

ಬಂದರು. ಬಗ್ಗಿ ನೋಡಿದರು. "ಅದಾ? ಧೂಳು ಕಣವ್ವ. ಲೆನ್ಸ್ ಮ್ಯಾಲೆ ಕುಂತಿರ್ಬೇಕು. ಡಾಕ್ಟ್ರಿಗೆ ಕಳ್ಸೋ ಫೋಟೋ, ಅಂಗೇ ಕೊಳಕಾಗಿ ಕಳ್ಸಕ್ಕಾಯ್ತದಾ? ಎಲ್ಲಾ ಕ್ಲೀನ್ ಮಾಡ್ಬುಟ್ಟೆ." ಆಮೇಲೆ ನನ್ನ ಮುಖ ನೋಡಿ, "ಬಿಳೀದು ಮುಟ್ಟಿಲ್ಲ ಕಣವ್ವ, ಆಣೆಗೂ!"

ಮುಟ್ಟಿಲ್ಲ. ನಿಜ. ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ.

ಧೂಳಾದರೆ ಎಲ್ಲ ಫೋಟೋದಲ್ಲೂ ಅದೇ ಜಾಗದಲ್ಲಿ ಇರಬೇಕು, ಮಚ್ಚೆಯ ಹೊರಗೂ ಇರಬೇಕು. ಮೂವತ್ತೆರಡು ವರ್ಷದ ಅನುಭವಕ್ಕೆ ಇಷ್ಟು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನನ್ನ ಕತ್ತನ್ನು ಅವರು ಒಂದು ಸಲವೂ ಬರಿಗಣ್ಣಿನಲ್ಲಿ ನೋಡಿಲ್ಲವಲ್ಲ. ಕ್ಯಾಮೆರಾ ನೋಡಿತು, ಕಂಪ್ಯೂಟರ್ ನೋಡಿತು. ಅವರು ಧೂಳು ಒರೆಸಿದರು.

ನಗುತ್ತಾ ಹೇಳಿದೆ, ಅಳುತ್ತಾ ಹೇಳಿದೆ. ಅದು ಧೂಳಲ್ಲ ಅಪ್ಪ, ಬಣ್ಣ. ವಾಪಸ್ ಬರುತ್ತಿರುವ ಬಣ್ಣ.

ಗಿರಾಕಿಗಳು ಕೂರುವ ಸ್ಟೂಲ್ ಮೇಲೆ ಕುಸಿದು ಕೂತರು. "ನಾನೇ ಅಳಿಸ್ಬುಟ್ನಾ... ಮೂರು ತಿಂಗ್ಳೂ ಕುಂತ್ಕಂಡು, ಒಂದೊಂದೇ..." ಆಮೇಲೆ ಎದ್ದು ಕನ್ನಡಕ ಸರಿ ಮಾಡಿಕೊಂಡರು. ಒರೆಸಲಿಲ್ಲ.

"ಇತ್ಲಾಗ್ ತಿರುಗು."

ತಿರುಗಿದೆ. ಕೂದಲು ಅವರೇ ಸರಿಸಿದರು. ಬೆರಳು ಕತ್ತಿಗೆ ತಾಗಿತು, ವರ್ಷದಲ್ಲಿ ಮೊದಲ ಸಲ. ಒಂದು, ಎರಡು, ಮೂರು... ಶಾಲೆಯ ಮಗುವಿನ ಹಾಗೆ ಬಾಯಿಬಿಟ್ಟು ಎಣಿಸಿದರು. ಇಪ್ಪತ್ತಮೂರು.

ಜುಲೈ 10, ಗುರುವಾರ. ಸಂಜೆ 5

ನಡೆದದ್ದು ಬರೆದು ಮೂಲ ಫೋಟೋಗಳನ್ನು ನಿನ್ನೆಯೇ ಕಳಿಸಿದ್ದೆ. ಇವತ್ತು ಡಾಕ್ಟರರ ವಾಯ್ಸ್ ಮೆಸೇಜ್, ಹಿಂದೆ ಮಗು ಕಿರುಚುತ್ತಿತ್ತು. "ನಿಲ್ಲಿಸಬೇಡಿ! ಎಷ್ಟು ಚೆನ್ನಾಗಿ ಬರ್ತಿದೆ! ಪೂರ್ತಿ ತುಂಬುತ್ತೆ ಅಂತ ಮಾತು ಕೊಡಲ್ಲ, ಆದರೆ ಮುಂದುವರಿಸಿ. ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳಿ. ಮೌಸ್ ಮುಟ್ಟಬಾರದು ಅಂತಲೂ ಹೇಳಿ." ಅಪ್ಪನಿಗೆ ನಾಲ್ಕು ಸಲ ಕೇಳಿಸಿದೆ. ನಾಲ್ಕು ಸಲವೂ ಕೈ ಮುಗಿದರು.

ಅಮ್ಮನ ಗತ್ತು ಹೇಳತೀರದು. "ಕೊಳೆ ಐತೆ ಅಂತ ನಾ ಅವತ್ತೇ ಅನ್ನಲಿಲ್ವಾ? ಕ್ಯಾಮ್ರಾಕ್ಕಿಂತ ನನ್ನ ಕಣ್ಣೇ ವಾಸಿ." ಇನ್ನು ಪೊರೆಯ ಆಪರೇಷನ್ ವಿಷಯ ಎತ್ತುವ ಹಾಗೇ ಇಲ್ಲ.

ಈಗ ಬಾಗಿಲಲ್ಲಿ ಅಪ್ಪ. ಕೈಯಲ್ಲಿ ಕ್ಯಾಮೆರಾ ಇಲ್ಲ. "ಬರ್ಯೋದು ಆಮ್ಯಾಕೆ, ಬಾ. ನಿನ್ನೆ ಒಂದ್ ಬಿಟ್ಬುಟ್ಟೆ ಅನ್ಸ್ತದೆ, ಬೆಳ್ಕಿರೋವಾಗ್ಲೇ ಇನ್ನೊಂದ್ಸಲ ಎಣಿಸ್ತೀನಿ. ಕೂದ್ಲು ಮ್ಯಾಕ್ಕೆತ್ತಿ ಕಟ್ಕೊ ಕಣವ್ವ, ಅದೇ ಚೆಂದ."

ಕ್ಲಿಪ್ಪು ಇಲ್ಲೇ ಎಲ್ಲೋ ಇತ್ತು. ಎಷ್ಟು ದಿನವಾಯಿತು ಹಾಕಿ, ಟೇಬಲ್ ಡ್ರಾಯರಿನಲ್ಲೋ ಅಥವಾ... ಸಿಕ್ಕಿತು.