ಕಾರಾ-ಬೆಲ್ ಗುಡ್ಡದಾಚೆಯ ದನಿ

ನಾರಿನ್,
ಜೂನ್ ೧೯, ೧೯೯೮

ಮುದ್ದಿನ ಮಗಳು ಕುಂದುಝ್‌ಗೆ,

ಹೇಗಿದ್ದೀಯಮ್ಮ? ಕಾಲು ಊದಿದೆಯೇ? ಹುಲ್ಲುಗಾವಲಿನ ಚಳಿಗೆ, ಆ ಗುಡಾರದಲ್ಲಿ ಮಲಗಿ ಸೊಂಟ ಹಿಡಿದುಕೊಂಡಿಲ್ಲ ತಾನೇ? ಏಳು ತಿಂಗಳ ಬಸುರಿ ಹಾಲು ಕರೆಯಲು ಬಗ್ಗುವುದು ಬೇಡ. ಅಳಿಯ ತೊಲೊಗೊನ್‌ಗೆ ಕೈಗಳಿಲ್ಲವೇ? ನಿನ್ನಮ್ಮ ಬುರುಲ್ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ.

ನೀನು ಹೋದ ಮೇಲೆ ಆರು ಸಂಜೆಯೂ, ನೀನು ಕರೆಯಬೇಕಾದ ಏಳು ಗಂಟೆಗೆ ಸರಿಯಾಗಿ ರೇಡಿಯೋ ಮುಂದೆ ಕೂತಿದ್ದೇನೆ. ಬರೀ ಗೊರಗೊರ. ನಿನ್ನ ದನಿ ಇಲ್ಲಿಗೆ ಮುಟ್ಟುತ್ತದೆಯೇ ಎಂದು ನೀನು ಹೊರಡುವ ಮುನ್ನ ನಾನು ಲೆಕ್ಕ ಹಾಕಿದ್ದು ಗೊತ್ತಲ್ಲ: ನಕಾಶೆಯ ಮೇಲೆ ನಮ್ಮ ಮನೆಯಿಂದ ನಿಮ್ಮ ಗುಡಾರದವರೆಗೆ ಗೆರೆ ಎಳೆದು, ದಾರಿಯ ಏರಿಳಿತಗಳನ್ನೆಲ್ಲ ಚೌಕಳಿ ಹಾಳೆಯಲ್ಲಿ ಬಿಡಿಸಿ, ನಡುವಿನ ಕಾರಾ-ಬೆಲ್ ಗುಡ್ಡ ಎಷ್ಟು ಸದ್ದು ನುಂಗುತ್ತದೋ ಅಷ್ಟನ್ನು ಕಳೆದೆ. ಮೂವತ್ತೊಂದು ಕಿಲೋಮೀಟರು, ಐದು ವಾಟಿನ ನಿನ್ನ ಪುಟ್ಟ ಕೈರೇಡಿಯೋ. ಉಳಿದದ್ದು ಸ್ವಲ್ಪವೇ, ಆದರೂ ಕಿವಿಗೆ ಸಾಕು. ಈ ವಾರ ಮೂರು ಸಲ ಮತ್ತೆ ಮಾಡಿದೆ, ಭೂಮಿಯ ಬಾಗನ್ನೂ ಸೇರಿಸಿದೆ. ಪ್ರತಿ ಸಲವೂ ಅದೇ ಉತ್ತರ, ನೀನು ಕೇಳಿಸಬೇಕು. ಬುರುಲ್ ಬೋರ್ಸೋಕ್ ಕರಿಯುತ್ತಾ ಚುಚ್ಚುತ್ತಾಳೆ: "ನಿಮ್ಮ ಹಾಳೇಲಿ ಮಗಳು ಕೇಳಿಸ್ತಾಳೆ, ಮನೇಲಿ ಮಾತ್ರ ಕೇಳಿಸಲ್ಲ."

ಲೆಕ್ಕ ಸರಿ ಇದ್ದರೆ ನೀನು ಮಾತಾಡುತ್ತಿಲ್ಲ ಎಂದಾಯಿತು. ಅದಕ್ಕೇ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಸ್ಥಿತಿಯಲ್ಲಿ ಬೆಟ್ಟಕ್ಕೆ ಹೋಗಬೇಡ ಎಂದು ಜಗಳವಾಡಿದ ದಿನ ನಾನು ಆ ಮಾತು ಅನ್ನಬಾರದಿತ್ತು: "ಹೋಗು, ನೋವು ಬಂದಾಗ ಅಪ್ಪಾ ಅಂತ ನನ್ನ ಕರೀಬೇಡ." ನೀನೋ ನನಗಿಂತ ಹಟಮಾರಿ, ಅದನ್ನೇ ಹಿಡಿದು ಕೂತಿದ್ದೀಯೇನೋ. ಜೀವನದಲ್ಲಿ ಮೊದಲ ಸಲ ನನ್ನ ಲೆಕ್ಕ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಈ ಹಾಳು ಮಂಡಿ ಕುದುರೆ ಹತ್ತಲು ಬಿಟ್ಟಿದ್ದರೆ ನಾನೇ ಬರುತ್ತಿದ್ದೆ. ನಾಳೆ ಬೆಳಿಗ್ಗೆ ಉಪ್ಪು ಹಿಟ್ಟು ಹೇರಿಕೊಂಡು ನಿಮ್ಮಲ್ಲಿಗೆ ಹೊರಡುವ ಸಾಪರ್ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಒಂದು ಸಾಲಾದರೂ ಬರೆದು ಕೊಡು.

ಹೊಟ್ಟೆಯಲ್ಲಿರುವ ಕೂಸಿಗೂ ನಿನಗೂ ಒಂದು ಮುಳ್ಳೂ ಚುಚ್ಚದಿರಲಿ. ಅಳಿಯನಿಗೆ ಸಲಾಂ ಹೇಳು.

ನಿನ್ನ ಅಪ್ಪ,
ಝೊಲ್ದೊಶ್

ವಿ. ಸೂ.: ಕಾಗದ ಮಡಿಸುವಷ್ಟರಲ್ಲಿ, ಕುರುತ್ ಮೊಸರುಂಡೆ ಒಣಹಾಕಲು ಚಾವಣಿ ಹತ್ತಿದ್ದ ಬುರುಲ್ ಅಲ್ಲಿಂದಲೇ ಕೂಗಿದಳು: "ಈ ಆಂಟೆನಾ ಕಡ್ಡಿಗಳು ಯಾಕ್ರೀ ಅಡ್ಡ ಮಲಗಿವೆ? ಕುಂದುಝ್ ಹತ್ರ ಇರೋದು ನೆಟ್ಟಗೆ ನಿಲ್ಲುತ್ತಲ್ಲ?" ಮೇ ತಿಂಗಳ ರೇಡಿಯೋ ಸ್ಪರ್ಧೆಗೆ ನಾನೇ ಅಡ್ಡ ತಿರುಗಿಸಿದ್ದೆ, ಸ್ಪರ್ಧೆಯಲ್ಲಿ ಎಲ್ಲರೂ ಹಾಗೇ ಇಡುತ್ತೇವೆ. ಆಮೇಲೆ ಮರೆತೇಬಿಟ್ಟೆ. ಒಂದು ಕಡೆಯದು ಅಡ್ಡ, ಇನ್ನೊಂದು ಕಡೆಯದು ನೆಟ್ಟಗೆ ಇದ್ದರೆ ಬರುವ ಸದ್ದು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಅವಳೇ ತಿರುಗಿಸಿ ಬಂದಳು. ಏಳಕ್ಕೆ ನಿನ್ನ ದನಿ ಬಂತು, ಲೆಕ್ಕ ಹೇಳಿದಷ್ಟೇ ಸಣ್ಣಗೆ: "ಅಪ್ಪಾ, ಇವತ್ತು ಏಳನೇ ದಿನ. ಕರೀಬೇಡ ಅಂದ್ರೂ ಕರೀತಿದೀನಿ. ಕೇಳಿಸ್ತಿದ್ಯಾ?" ಗುಂಡಿ ಒತ್ತಿದೆ, ಕನ್ನಡಕ ತೆಗೆದು ಒರೆಸುತ್ತಾ ಕೂತೆ. ರೇಡಿಯೋ ಪರವಾನಗಿ ಇಲ್ಲದ ನಿನ್ನಮ್ಮ ಮೈಕು ಕಿತ್ತುಕೊಂಡು ಮಾತಾಡಿದ್ದು ಅದಕ್ಕೇ. ನಾನು ಹೇಳಲಾಗದ್ದನ್ನು ಸಾಪರ್ ತರುತ್ತಿದ್ದಾನೆ: ನೋವು ಬಂದರೆ ಮೊದಲು ನನ್ನನ್ನೇ ಕರಿ, ಮಗಳೇ.