ಮೂರು, ಐದು ಅದಲುಬದಲು

ಸೋಮವಾರ, ಬೆಳಿಗ್ಗೆ 10.20
ಟೀ ಆರಿಹೋಯಿತು. ಐಸಿಯುನಿಂದ ನನ್ನ ಲ್ಯಾಬಿಗೆ ಎರಡು ಟ್ಯೂಬು ಕಫ. ಮೂರನೇ ಹಾಸಿಗೆಯ ಬಾಕ್ಸರ್, ಐದರ ಅಜ್ಜ. ಇಬ್ಬರೂ ವೆಂಟಿಲೇಟರಿನಲ್ಲಿ, ಇಬ್ಬರಿಗೂ ನ್ಯುಮೋನಿಯಾ. ಮಾಮೂಲಿನಂತೆ ಮಾರ್ಕರಿನಲ್ಲಿ ಹಾಸಿಗೆ ನಂಬರ್ ಗೀಚಿದೆ. ಹೆಸರು ಬರೆಯಲು ಯಾರಿಗೆ ಪುರಸೊತ್ತು! ರೋಗಾಣು ಬೆಳೆಸಿ ನೋಡುವ ಕಲ್ಚರ್ ಆದರೆ ಮೂರು ದಿನ. ಈ ಹೊಸ ಮಷೀನು ಒಂದೂಕಾಲು ಗಂಟೆಯಲ್ಲಿ ರೋಗಾಣುವಿನ ಜಾತಕ ಬಿಚ್ಚಿಡುತ್ತದೆ.

ಅಷ್ಟರಲ್ಲಿ ಐಸಿಯು ಸಿಸ್ಟರಕ್ಕನ ಫೋನ್. "ಆಕ್ಸಿಜನ್ ಪೈಪ್ ಲೀಕು ಕಣೇ. ಮೂರು, ಐದು ಅದಲುಬದಲು ಮಾಡಿದೀವಿ. ಬಾಕ್ಸರ್ ಈಗ ಐದರಲ್ಲಿ. ನೆನಪಿರ್ಲಿ."

"ನಾನೇನು ಮಗುನಾ ಅಕ್ಕಾ?" ಫೋನ್ ಕುಕ್ಕಿದೆ.

12.05
ಮೂರಕ್ಕೆ ಕೆಟ್ಟ ರೋಗಾಣು, ಸಾಮಾನ್ಯ ಔಷಧಕ್ಕೆ ಬಗ್ಗದ್ದು. ಐದಕ್ಕೆ ಏನೂ ಇಲ್ಲ. ಕಳಿಸಿದೆ. ಐದಕ್ಕೆ ಕೊಡುತ್ತಿದ್ದ ಆಂಟಿಬಯೋಟಿಕ್ ಡಾಕ್ಟರ್ ನಿಲ್ಲಿಸಿದರಂತೆ. ಬೇಗ ಮುಗೀತು, ಊಟಕ್ಕೆ ಹೊರಟೆ.

ಗುರುವಾರ, ಮಧ್ಯಾಹ್ನ
ರಿಪೋರ್ಟು ಕೊಡಲು ಐಸಿಯುಗೆ ಹೋಗಿದ್ದೆ. ಬಾಕ್ಸರನ ಬಿಪಿ ಪಾತಾಳಕ್ಕಿಳಿದಿದೆ. ಅವನ ಅಣ್ಣ — ಅವನಿಗೆ ಕೋಚೂ ಅವನೇ — ಐಸಿಯು ಬಾಗಿಲು ಒದ್ದು ನುಗ್ಗಿದ. "ಯಾವ ಬೇವರ್ಸಿನೋ ನನ್ ತಮ್ಮನ ಔಷಧಿ ನಿಲ್ಸಿದ್ದು?" ಡಾಕ್ಟರ ಕಾಲರಿಗೇ ಕೈ. ಅಡ್ಡ ಬಂದ ಸಿಸ್ಟರಕ್ಕನ ಮುಖಕ್ಕೆ ಬಿತ್ತು ಗುದ್ದು. ದವಡೆ ಲಟಕ್ಕೆಂದಿತು. ಎರಡು ಹಲ್ಲು ನೆಲದ ಮೇಲೆ. ಮಾನಿಟರ್ ಚೂರುಚೂರು. ಮೂವರು ಗಾರ್ಡುಗಳು ಅವನನ್ನು ಕೆಡವಿ, ಬೂಟುಗಾಲಲ್ಲಿ ತುಳಿದರು. ರಕ್ತ ಉಗುಳುತ್ತಲೇ ಬೈಯುತ್ತಿದ್ದ.

ಲ್ಯಾಬಿಗೆ ಓಡಿ ಬಂದೆ. ಬಾಕ್ಸರನ ರಕ್ತದ ಕಲ್ಚರ್ ಬಂದಿತ್ತು. ಸೋಮವಾರ ನಾನು 'ಮೂರು' ಎಂದು ಕಳಿಸಿದ ಅದೇ ರೋಗಾಣು... ಅಯ್ಯೋ ದೇವರೇ. ಟ್ಯೂಬಿನ ನಂಬರು ತಿದ್ದಲೇ ಇಲ್ಲ ನಾನು. ಅಜ್ಜನ ರಿಪೋರ್ಟು ಇವನಿಗೆ ಹೋಗಿದೆ.

ಡಾಕ್ಟರಿಗೆ ಕಲ್ಚರ್ ಮಾತ್ರ ಓದಿ ಹೇಳಿದೆ. ಈಗ ಬಲವಾದ ಔಷಧ ಶುರು.

ಶುಕ್ರವಾರ
ವಿಚಾರಣೆ. ಕಮಿಟಿಯ ತೀರ್ಮಾನ: "ಸಿಸ್ಟರ್ ಹಾಸಿಗೆ ಬದಲಿಸಿ ಲ್ಯಾಬಿಗೆ ತಿಳಿಸಿಲ್ಲ." ಸಸ್ಪೆಂಡ್. ಅಕ್ಕ ಎರಡನೇ ಮಹಡಿಯ ವಾರ್ಡಿನಲ್ಲಿ, ದವಡೆಗೆ ತಂತಿ ಬಿಗಿದಿದೆ. ನನ್ನನ್ನು ಕಂಡು ಚೀಟಿಯಲ್ಲಿ ಬರೆದಳು: "ಹೇಳಿದ್ದೆ ಅಲ್ವೇನೇ?"

"ನೆನಪಿಲ್ಲ ಅಕ್ಕಾ," ಅಂದೆ.

ಬಾತ್‌ರೂಮಿನಲ್ಲಿ ಕೆನ್ನೆ ಊದುವಷ್ಟು ನನಗೆ ನಾನೇ ಬಾರಿಸಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಮಂಗಳವಾರ, ಬೆಳಿಗ್ಗೆ 9
ಬಾಕ್ಸರ್ ಹೋದ. ಏಳೂ ನಲವತ್ತಕ್ಕೆ.

ಅಣ್ಣ ಜಾಮೀನಿನ ಮೇಲೆ ಬಂದಿದ್ದಾನೆ. ಕೆಳಗೆ ಗಾಜು ಒಡೆಯುತ್ತಿದೆ. "ಎಲ್ಲಿ ಆ ಸಿಸ್ಟರ್? ಸಿಗಿದು ಹಾಕ್ತೀನಿ!" ಗಾರ್ಡೊಬ್ಬ ಕಿರುಚಿದ, ಸುಮ್ಮನಾದ. ಅಕ್ಕನಿಗೆ ಕೂಗಲೂ ಬಾಯಿಲ್ಲ. ಅವಳ ವಾರ್ಡಿಗೆ ದಾರಿ ನನ್ನ ಲ್ಯಾಬಿನ ಬಾಗಿಲ ಮುಂದೆಯೇ. ಚಿಲಕ ತೆಗೆದಿದ್ದೇನೆ. ನಾಲಿಗೆ ಏಳದಿದ್ದರೆ ಈ ಡೈರಿಯನ್ನೇ ಅವನ ಕೈಗೆ ಕೊಡುತ್ತೇನೆ. ಓದಪ್ಪಾ: ಅವಳು ಹೇಳಿದ್ದಳು. ಮರೆತವಳು ನಾನು. ನಿನ್ನ ತಮ್ಮನನ್ನು ಕೊಂದದ್ದು—